ಸಾಲಿನ ಮೊದಲೋ, ಕೊನೆಯೋ

ಮೊದಲು ಹೋದದ್ದು ಎಡಗಾಲಿನ ಚಪ್ಪಲಿ.

ಕಾಪು ಪೇಟೆಯಲ್ಲಿ ನಮ್ಮದೊಂದು ದಿನಸಿ ಅಂಗಡಿ ಇದೆ. ಗಂಡನಿಗೆ ಮಧ್ಯಾಹ್ನದ ಬುತ್ತಿ ಕೊಡಲು ಹೋಗಿದ್ದೆ. ಅವರು ನನ್ನ ಕಾಲು ನೋಡಿ, "ಇನ್ನೊಂದು ಚಪ್ಪಲಿ ಎಲ್ಲಿ ಮಾರಾಯ್ತಿ?" ಎಂದರು.

"ಕಾಲಲ್ಲೇ ಉಂಟಲ್ಲ" ಎಂದೆ.

ಇರಲಿಲ್ಲ. ಬಿಸಿಲಿಗೆ ಕಾದ ಡಾಮರಿನ ಮೇಲೆ ನಡೆದು ಪಾದ ಕೆಂಪಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಅವರು ಬುತ್ತಿ ಬಿಚ್ಚಲಿಲ್ಲ. ಶಟರ್ ಎಳೆದು ನನ್ನನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದರು.

ಸ್ಕ್ಯಾನ್ ಆಯಿತು. ಸ್ಟ್ರೋಕ್ ಎಂದರು. ಮೆದುಳಿನ ಬಲಭಾಗ.

ಸೋತಿದ್ದ ಎಡಗೈ ಫಿಸಿಯೋಥೆರಪಿಯಿಂದ ಹೆಚ್ಚುಕಡಿಮೆ ಮರಳಿತು. ಮರಳದೆ ಉಳಿದದ್ದಕ್ಕೆ ಡಾಕ್ಟರು ನೆಗ್ಲೆಕ್ಟ್ ಎಂದರು. "ಕಣ್ಣು ಸರಿ ಉಂಟು ಅಮ್ಮ. ಎಡಗಡೆ ಅಂತ ಒಂದು ಉಂಟು ಅನ್ನುವುದನ್ನೇ ಮೆದುಳು ಮರೆತಿದೆ." ಗಂಡ ತಲೆಯಾಡಿಸಿದರು. ನನಗೆ ಸಿಟ್ಟು ಬಂತು. ನನಗೆ ಎಲ್ಲವೂ ಪೂರ್ತಿಯಾಗಿಯೇ ಕಾಣುತ್ತಿತ್ತು. ಕಾಣದೇ ಇರುವುದು ಕಾಣುತ್ತಿಲ್ಲ ಎಂದು ಯಾರಿಗೆ ತಾನೆ ಗೊತ್ತಾಗುತ್ತದೆ?

ನಾನು ಕೊಕ್ಕೆಸೂಜಿಯಲ್ಲಿ ಕ್ರೋಶಾ ಹೆಣೆಯುವವಳು. ಮೇಜುಬಟ್ಟೆ, ಟಿ.ವಿ. ಹೊದಿಕೆ, ಮಕ್ಕಳ ಟೋಪಿ. ಎಲ್ಲವನ್ನೂ ಗುರುತುಗಳಲ್ಲಿ ಬಿಡಿಸಿದ ಚಾರ್ಟ್ ನೋಡಿಯೇ ಹೆಣೆದವಳು. ಬರೆದ ಸೂಚನೆ ಎಂದರೆ ನನಗೆ ಆಗದು. ದಾರಿ ಕೇಳಿದವರಿಗೆ ಊರಿನ ಪುರಾಣ ಹೇಳಿದ ಹಾಗೆ. ಇಂಗ್ಲಿಷಿನಲ್ಲಿ ಬರೆದಿದ್ದರಂತೂ ಕೇಳುವುದೇ ಬೇಡ. ಒಮ್ಮೆ ಡಬಲ್ ಕ್ರೋಶಾ ಎಂಬ ಹೊಲಿಗೆಗೆ 'ಡಿ.ಸಿ.' ಎಂದು ಬರೆದದ್ದನ್ನು ನೋಡಿ ನನ್ನ ಗಂಡ, "ಇದಕ್ಕೆ ಮಣಿಪಾಲದ ಡಿ.ಸಿ. ಆಫೀಸಿಗೆ ಹೋಗ್ಬೇಕಾ?" ಎಂದು ನಕ್ಕಿದ್ದರು. ಚಾರ್ಟಿನಲ್ಲಿ ಆ ತಾಪತ್ರಯ ಇಲ್ಲ. ಸೊನ್ನೆಯಂತಿದ್ದರೆ ಸರಪಳಿ ಹೊಲಿಗೆ, ನಿಂತ ಗೆರೆ ಇದ್ದರೆ ಕಂಬದ ಹೊಲಿಗೆ. ಅದರ ಮೊದಲ ಸಾಲು ಬಲಗಡೆಯಿಂದ ಶುರುವಾಗುತ್ತದೆ. ಮದರಸಾದಲ್ಲಿ ಬಲದಿಂದ ಎಡಕ್ಕೆ ಓದಿ ಬೆಳೆದ ನನಗೆ ಅದು ಮನೆಯ ದಾರಿಯಂತೆಯೇ ಇತ್ತು.

ಆಸ್ಪತ್ರೆಯಿಂದ ಬಂದ ಮೇಲೆ, ಅರ್ಧಕ್ಕೆ ಬಿಟ್ಟಿದ್ದ ಮೇಜುಬಟ್ಟೆಯನ್ನು ಕೈಗೆತ್ತಿಕೊಂಡೆ. ಮನೆಗೆಲಸ ಯಾರೂ ಮಾಡಗೊಡುತ್ತಿರಲಿಲ್ಲ, ಸಮಯ ಬೇಕಾದಷ್ಟಿತ್ತು. ಎಷ್ಟು ಬೇಗ ಸಾಲು ಮುಗಿಯುತ್ತಿದೆ ಎಂದು ಖುಷಿಯೂ ಆಯಿತು. ಅಂಚು ಸ್ವಲ್ಪ ಓರೆ ಎನಿಸಿದಾಗ, ನಾನು ಹಿಡಿದದ್ದೇ ಓರೆ ಎಂದುಕೊಂಡೆ. ಮುಗಿಸಿ ಗಂಡನ ಮುಂದೆ ಹರಡಿದೆ.

"ಇದೆಂತ, ಸಮೋಸವಾ?" ಎಂದು ನಕ್ಕವರು ಥಟ್ಟನೆ ಬಾಯಿ ಮುಚ್ಚಿದರು.

ನನ್ನ ಕೈ ಹಿಡಿದು ಅಂಚಿನುದ್ದಕ್ಕೂ ಸವರಿಸಿದರು. ಪ್ರತಿ ಸಾಲಿನಲ್ಲೂ ಎಡತುದಿ ಮುಟ್ಟುವ ಮೊದಲೇ ನಿಲ್ಲಿಸಿ, ಬಟ್ಟೆ ತಿರುಗಿಸಿ, ಮತ್ತೆ ಹಾಗೆಯೇ ಮಾಡಿದ್ದೆ. ಚೌಕವಾಗಬೇಕಿದ್ದದ್ದು ಎರಡೂ ಕಡೆ ಕಿರಿದಾಗುತ್ತ ಮೊನೆಯಾಗಿತ್ತು.

ಅಂದು ಮೊದಲ ಬಾರಿಗೆ ಡಾಕ್ಟರ ಮಾತು ನಂಬಿದೆ. ಅಂದೇ ಹೆದರಿಕೆಯೂ ಶುರುವಾಯಿತು.

ಥೆರಪಿಸ್ಟ್ ಹುಡುಗಿ ಒಳ್ಳೆಯವಳು. ಚಾರ್ಟಿನ ಎಡ ಅಂಚಿಗೆ ದಪ್ಪನೆಯ ಕೆಂಪು ಗೆರೆ ಎಳೆದು, "ಕೆಂಪು ಕಾಣುವ ತನಕ ನಿಲ್ಲಿಸ್ಬೇಡಿ ಆಂಟಿ" ಎಂದಳು. ಅವಳು ಪಕ್ಕದಲ್ಲಿದ್ದಾಗ ಗೆರೆ ಸಿಗುತ್ತಿತ್ತು. ಮನೆಯಲ್ಲಿ ಒಬ್ಬಳೇ ಕೂತರೆ ಕೆಂಪನ್ನು ಹುಡುಕಬೇಕು ಎನ್ನುವುದೇ ಮರೆತುಹೋಗುತ್ತಿತ್ತು. ಹಾಗಾದರೆ ಬರೆದ ಸೂಚನೆಯೇ ಆಗಲಿ ಎಂದು ಕನ್ನಡದಲ್ಲಿ ಬರೆಸಿಕೊಂಡೆ. "ಆರು ಸರಪಳಿ, ಎರಡು ಕಂಬ" ಎಂದು ಬರೆದಿದ್ದರೆ ನಾನು ಓದಿದ್ದು "ಎರಡು ಕಂಬ" ಮಾತ್ರ. ಕನ್ನಡ ಎಡದಿಂದ ಶುರುವಲ್ಲವೇ? ಚಾರ್ಟಿನಲ್ಲಿ ಸಾಲಿನ ಕೊನೆ ಹೋಗುತ್ತಿತ್ತು, ಬರಹದಲ್ಲಿ ಮೊದಲೇ ಹೋಗುತ್ತಿತ್ತು. ಯಾವುದನ್ನು ಆರಿಸಿಕೊಳ್ಳಲಿ? ಕುರ್‌ಆನ್ ತೆರೆದಾಗ ಮಾತ್ರ ಏನೂ ತಪ್ಪುತ್ತಿರಲಿಲ್ಲ. ಆಮೇಲೆ ಹೊಳೆಯಿತು, ಅದು ಬಾಯಿಪಾಠ. ಇಷ್ಟು ದಿನ ಓದಿದೆನೋ, ಬರೀ ಹೇಳಿದೆನೋ ಗೊತ್ತಿಲ್ಲ. ಆವತ್ತು ತುಂಬಾ ಅತ್ತೆ.

"ಚಾರ್ಟ್ ಬಿಡಿ ಆಂಟಿ. ಬರೆದದ್ದನ್ನು ಯಾರಾದ್ರೂ ಓದಿ ಹೇಳ್ಲಿ, ನೀವು ಕೇಳಿ ಹಾಕಿ" ಎಂದಳು ಥೆರಪಿಸ್ಟ್.

ಆಗುವುದಿಲ್ಲ ಎಂದೆ. ಉಣ್ಣುವಾಗ ಎಡಗಡೆ ಉಳಿದ ಅನ್ನ ಬಲಕ್ಕೆ ಬರುವಂತೆ ತಟ್ಟೆ ತಿರುಗಿಸಲು ಒಬ್ಬರು ಬೇಕು, ರಸ್ತೆ ದಾಟಿಸಲು ಒಬ್ಬರು ಬೇಕು. ಯಾರ ಹಂಗಿಲ್ಲದೆ ಕೂರಲು ನನಗಿದ್ದದ್ದು ಈ ಹೆಣಿಗೆಯೊಂದೇ ಜಾಗ. ಎಷ್ಟೋ ದಿನ ದಾರದ ಚೀಲ ಮುಟ್ಟಲಿಲ್ಲ. ಬೇಸರ ತಡೆಯಲಾರದೆ ಕೊನೆಗೆ ನಾನೇ ತೆಗೆದೆ.

ಈಗ ಗಂಡ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ಉಂಡ ಮೇಲೆ ಸೂಚನೆ ಓದುತ್ತಾರೆ, ಅಂಗಡಿಯ ಸಾಮಾನಿನ ಪಟ್ಟಿ ಓದುವ ರಾಗದಲ್ಲಿ. ಫೋನ್ ಬಂದು ಎದ್ದು ಹೋದರೆ, ಸಾಲಿನ ನಡುವೆ ಸೂಜಿ ಹಿಡಿದು ಕಾಯಬೇಕು. ಕಾಯುವಾಗ ಒಮ್ಮೊಮ್ಮೆ ಅವರ ಮೇಲೆಯೇ ಸಿಟ್ಟು ಬರುತ್ತದೆ, ಪಾಪ. ಈ ಬರಹವನ್ನೂ ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. ಕೊನೆಗೆ ಅವರೇ ಓದಿ ತಿದ್ದಬೇಕು.

ನಿನ್ನೆ ಒಂದು ಸಾಲು ಹಾಕಿ, "ಮುಗಿಯಿತಲ್ಲ, ತಿರುಗಿಸ್ತೇನೆ" ಎಂದೆ.

"ತಿರುಗಿಸ್ಬೇಡ. ಇನ್ನೂ ಉಂಟು."

"ಎಲ್ಲಿ ಉಂಟು? ಎಂತ ಇಲ್ಲ."

ಅವರು ನನ್ನ ಎಡಗೈಯನ್ನು ಎತ್ತಿ, ನನ್ನ ಪಾಲಿಗೆ ಏನೂ ಇಲ್ಲದ ಕಡೆ ಇಟ್ಟರು. ಅಲ್ಲಿ ದಾರವಿತ್ತು. ಒಂದರ ಪಕ್ಕ ಒಂದು, ನಾನೇ ಹಿಂದಿನ ಸಾಲಿನಲ್ಲಿ ಹಾಕಿದ ಕಂಬಗಳು ಬೆರಳಿಗೆ ಸಿಗುತ್ತಾ ಹೋದವು.

"ಓದಿ" ಎಂದೆ.