ಮೀನಿನ ಡಬ್ಬಿಯ ಎರಡು ರೂಪಾಯಿ

ನನಗೆ ಚಿಲ್ಲರೆ ಕೊಟ್ಟವರಲ್ಲಿ ಹೆಚ್ಚಿನವರು ನನ್ನನ್ನು ಸಂಶಯ ಸ್ವಭಾವದ ಹುಡುಗಿ ಎಂದುಕೊಂಡಿದ್ದಾರೆ. ಕಾರವಾರದಿಂದ ಅಂಕೋಲೆಗೆ ಕೆಲಸಕ್ಕೆಂದು ದಿನವೂ ಬಸ್ಸಿನಲ್ಲಿ ಹೋಗಿ ಬರುವ ನಾನು, ಕಂಡಕ್ಟರ್ ಕೊಟ್ಟ ನಾಣ್ಯಗಳನ್ನು ಪರ್ಸಿಗೆ ಹಾಕುವ ಮೊದಲು ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತೇನೆ, ಮಗುಚುತ್ತೇನೆ, ಅಂಚನ್ನು ಉಗುರಿನಿಂದ ಸವರಿ ನೋಡುತ್ತೇನೆ. "ಎಲ್ಲಾ ಸರ್ಕಾರದ್ದೇ ಮೇಡಂ, ನಾ ಮನೇಲಿ ಮಾಡಿದ್ದಲ್ಲ" ಎಂದು ಒಬ್ಬ ಕಂಡಕ್ಟರ್ ಒಮ್ಮೆ ಹೇಳಿಯೂ ಬಿಟ್ಟ. ಅವನಿಗೆ ಏನೆಂದು ತಿಳಿಸಿ ಹೇಳಲಿ? ನಾನು ಹುಡುಕುತ್ತಿದ್ದದ್ದು ಸರ್ಕಾರವೇ ಮಾಡಿದ ತಪ್ಪನ್ನು.

ಟಂಕಸಾಲೆಯೂ ತಪ್ಪುತ್ತದೆ ಎಂಬುದು ಗೊತ್ತಾದಾಗ ನನಗೆ ಒಂದು ಬಗೆಯ ಸಮಾಧಾನವಾಗಿತ್ತು. ಬೋಳು ಲೋಹದ ಬಿಲ್ಲೆಯೊಂದು ಎರಡು ಅಚ್ಚುಗಳ ನಡುವೆ ಬಂದು ಕೂರುತ್ತದೆ. ಒಂದೇ ಏಟಿಗೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಬೆಲೆ ಮೂಡುತ್ತದೆ. ಬಿಲ್ಲೆ ಓರೆಯಾಗಿ ಕೂತಿದ್ದರೆ ಚಿತ್ರ ಪಕ್ಕಕ್ಕೆ ಜಾರಿ, ಉಳಿದ ಕಡೆ ಬೋಳಾಗಿಯೇ ಇರುತ್ತದೆ. ಅಚ್ಚು ತಿರುಗಿದ್ದರೆ, ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿದಾಗ ಸಿಂಹಗಳು ತಲೆಕೆಳಗಾಗಿ ಕಾಣುತ್ತವೆ. ಅಚ್ಚು ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬುಗೆರೆ. ಇಂಥವನ್ನೆಲ್ಲ ಅಲ್ಲಿಯೇ ಆರಿಸಿ ಎಸೆಯಬೇಕು. ಆದರೂ ಅಪರೂಪಕ್ಕೆ ಒಂದು ಕಣ್ತಪ್ಪಿಸಿ ಚೀಲ ಸೇರಿ, ಬ್ಯಾಂಕು ಸೇರಿ, ಕೊನೆಗೆ ಯಾರದೋ ಚಹದ ದುಡ್ಡಿನೊಳಗೆ ಸೇರಿಬಿಡುತ್ತದೆ. ಸರಿಯಾಗಿ ಹುಟ್ಟಿದ ಕೋಟ್ಯಂತರ ನಾಣ್ಯಗಳಿಗೆ ಮುಖದ ಮೇಲೆ ಬರೆದಷ್ಟೇ ಬೆಲೆ. ಓರೆಯಾಗಿ ಹುಟ್ಟಿದ್ದಕ್ಕೆ ಮಾತ್ರ ಜನ ಅಡ್ರೆಸ್ ಹುಡುಕಿಕೊಂಡು ಬರುತ್ತಾರೆ.

ಇದನ್ನು ಕಲಿಯುವ ಮೊದಲು ನಾನು ಸಾಕಷ್ಟು ನಗೆಪಾಟಲಾಗಿದ್ದೇನೆ. ದಿನಚರಿ ಬರೆಯುವವಳಾದ್ದರಿಂದ ನೋಡಿದ ನಾಣ್ಯಗಳಿಗೆಲ್ಲ ದಿನದ ಕೊನೆಗೆ ಗೀಟು ಹಾಕುತ್ತೇನೆ, ಐದಕ್ಕೊಂದು ಅಡ್ಡಗೀಟು. ಗೀಟುಗಳು ಪುಟಗಟ್ಟಲೆ ಬೆಳೆದ ಮೇಲೆ ಕಡೆಗೂ ಒಂದು ರೂಪಾಯಿ ಸಿಕ್ಕಿತು. ಅಗಲವಾಗಿ, ತೆಳ್ಳಗೆ, ಸಿಂಹದ ಮುಖ ದೋಸೆಯಂತೆ ಹರಡಿತ್ತು. ಅದರ ವರ್ಣನೆಗೆ ಅರ್ಧ ಪುಟ ಖರ್ಚು ಮಾಡಿದೆ. ಮರುದಿನ ಆಫೀಸಿನಲ್ಲಿ ತೋರಿಸಿದರೆ ಪಕ್ಕದ ಮೇಜಿನವರು, "ಇದನ್ನ ಟಂಕಸಾಲೆ ಮಾಡಿದ್ದಲ್ಲ, ರೈಲು ಮಾಡಿದ್ದು. ಹಳಿ ಮೇಲೆ ಇಟ್ಟೀರು ಯಾರೋ" ಎಂದರು. ಕಪ್ಪಗೆ ತೂತುಬಿದ್ದ ಇನ್ನೊಂದು ನಾಣ್ಯವನ್ನು ಹಲವು ದಿನ ಹತ್ತಿಯಲ್ಲಿ ಸುತ್ತಿಟ್ಟಿದ್ದೆ. ಅದು ಬರೀ ಉಪ್ಪುನೀರಿನಲ್ಲಿ ಬಿದ್ದಿದ್ದ ನಾಣ್ಯ. ಹುಟ್ಟುವಾಗಲೇ ಆದದ್ದಕ್ಕೆ ಮಾತ್ರ ಬೆಲೆ, ಆಮೇಲೆ ಬದುಕಿನಲ್ಲಿ ಆದ ಜಖಮಿಗೆ ಇಲ್ಲ. ಈ ನಿಯಮ ನನಗೆ ಆಗಲೇ ಸ್ವಲ್ಪ ನಿರ್ದಯವಾಗಿ ಕಂಡಿತ್ತು.

ಬೆಲೆ ಕಟ್ಟುವುದು ಇನ್ನೂ ನಾಜೂಕಿನ ಕೆಲಸ. ಮೊಬೈಲಿನಲ್ಲಿ ಬರುವ ವಿಡಿಯೋಗಳ ಪ್ರಕಾರ ನಮ್ಮೆಲ್ಲರ ಮನೆಯಲ್ಲೂ ಲಕ್ಷಾಂತರದ ನಾಣ್ಯ ಬಿದ್ದುಕೊಂಡಿದೆ, ನಾವೇ ಮೂರ್ಖರು. ನಿಜವಾಗಿ ಕೊಳ್ಳುವವರು ಬೇರೆಯದನ್ನೇ ಕೇಳುತ್ತಾರೆ. ಚಿತ್ರ ಎಷ್ಟು ಜಾರಿದೆ? ಜಾರಿದರೂ ಇಸವಿ ಉಳಿದಿದೆಯೇ? ಇಸವಿಯ ಕೆಳಗೆ ಯಾವ ಟಂಕಸಾಲೆಯ ಗುರುತಿದೆ, ಹೈದರಾಬಾದಿನ ನಕ್ಷತ್ರವೋ, ನೋಯ್ಡಾದ ಚುಕ್ಕೆಯೋ? ತಪ್ಪು ದೊಡ್ಡದಿರಬೇಕು, ಆದರೆ ಯಾರು ಯಾವಾಗ ಮಾಡಿದ್ದು ಎಂದು ಓದುವಷ್ಟು ಉಳಿದಿರಬೇಕು. ಇಷ್ಟೆಲ್ಲ ತಿಳಿದ ಮೇಲೂ ನನ್ನ ಬಳಿ ಒಂದೂ ಒಳ್ಳೆಯ ತಪ್ಪು ಇರಲಿಲ್ಲ.

ಅದು ಸಿಕ್ಕಿದ್ದು ಮನೆಯಲ್ಲೇ, ಹಬ್ಬುವಾಡದ ನಮ್ಮ ಅಡಿಗೆಮನೆಯ ಕಿಟಕಿಯ ಮೇಲೆ. ನಮ್ಮಲ್ಲಿ ಮೀನಿನ ದುಡ್ಡು ಬೇರೆ, ಉಳಿದ ದುಡ್ಡು ಬೇರೆ. ಮೀನಿನವಳು ತಿರುಗಿ ಕೊಟ್ಟ ಚಿಲ್ಲರೆ ಒದ್ದೆಯಿರುತ್ತದೆ, ವಾಸನೆಯಿರುತ್ತದೆ. ಅದು ದೇವರ ಹುಂಡಿಗೆ ಹೋಗುವ ಹಾಗಿಲ್ಲ. ಆದ್ದರಿಂದ ಆಯಿ, ಅಂದರೆ ನನ್ನ ಅಮ್ಮ, ಅದನ್ನು ಒಂದು ಹಳೆಯ ಬಿಸ್ಕಿಟ್ ಡಬ್ಬಿಗೆ ಹಾಕುತ್ತಾಳೆ, ಮುಂದಿನ ಸಲ ಮೀನಿಗೇ ಕೊಡುತ್ತಾಳೆ. ಓಣಿಯ ಎಷ್ಟೋ ಮನೆಗಳಲ್ಲಿ ಇಂಥದೊಂದು ಡಬ್ಬಿ ಉಂಟು. ಹೀಗಾಗಿ ಈ ನಾಣ್ಯಗಳು ಬ್ಯಾಂಕಿಗೂ ಹೋಗದೆ, ಪೇಟೆಗೂ ಹೋಗದೆ, ಬುಟ್ಟಿಯಿಂದ ಡಬ್ಬಿಗೆ, ಡಬ್ಬಿಯಿಂದ ಬುಟ್ಟಿಗೆ ಸುತ್ತುತ್ತಲೇ ಇರುತ್ತವೆ. ಚಲಾವಣೆ ಎಂದರೆ ದೇಶವೆಲ್ಲ ಹರಿಯುವ ಹೊಳೆ ಎಂದುಕೊಂಡಿದ್ದೆ. ನಮ್ಮ ಓಣಿಯಲ್ಲಿ ಅದು ಒಂದು ಸಣ್ಣ ಬಾವಿ.

ನಾವು ಮೀನು ತಿನ್ನದ ಒಂದು ಸೋಮವಾರ, ಡಬ್ಬಿಗೆ ರಜೆಯಿರುವ ದಿನ, ಅದನ್ನು ಹಳೆಯ ಪೇಪರಿನ ಮೇಲೆ ಸುರುವಿದೆ. ಎರಡು ರೂಪಾಯಿಯ ಒಂದು ನಾಣ್ಯ ಅರ್ಧ ಗ್ರಹಣ ಹಿಡಿದಂತೆ ಕೂತಿತ್ತು. ಸಿಂಹ ಅಂಚಿಗೆ ಹೋಗಿ ನಿಂತಿತ್ತು, ಎದುರಿನ ಅಂಚಿಗೆ ಹೊಳಪಿನ ಬೋಳು ಚಂದ್ರ. ಇಸವಿ ಪೂರ್ತಿ ಇತ್ತು. ಕೆಳಗೆ ನಕ್ಷತ್ರವೂ ಇತ್ತು. ನಾನು ಅದನ್ನು ಎತ್ತಿ ಪ್ಲಾಸ್ಟಿಕ್ಕಿನ ಪುಟ್ಟ ಲಕೋಟೆಗೆ ಹಾಕಿ, ಡಬ್ಬಿಗೆ ನನ್ನ ಪರ್ಸಿನಿಂದ ಒಳ್ಳೆಯ ಎರಡು ರೂಪಾಯಿ ಹಾಕಿದೆ. ಯಾರಿಗೂ ಒಂದು ಪೈಸೆ ನಷ್ಟವಿಲ್ಲ. ಫೋಟೋ ಹುಬ್ಬಳ್ಳಿಯ ಒಬ್ಬ ನಾಣ್ಯದ ವ್ಯಾಪಾರಿಗೆ ಹೋಯಿತು.

ಆಮೇಲೆ ನಡೆದದ್ದಕ್ಕೂ ಈ ನಾಣ್ಯಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಮೀನಿನವಳು ಕೋಡಿಬಾಗದ ಗುಲಾಬಿ ಅಕ್ಕ. ಗೇಟಿನ ಹತ್ತಿರ ಬುಟ್ಟಿ ಇಳಿಸಿ, ಮೀನು ಕೊಟ್ಟು, ಆಯಿ ಕೊಟ್ಟ ದುಡ್ಡನ್ನು ಅಂಗೈಯಲ್ಲಿ ಹರಡಿ ನೋಡುವುದು ಅವಳ ಪದ್ಧತಿ. ಆ ವಾರ ಅವಳು ಎರಡೆರಡು ಸಲ ನೋಡಿದಳು. ಆಯಿ ಡಬ್ಬಿಯನ್ನು ನೆಲಕ್ಕೆ ಸುರುವಿಕೊಂಡು ಏನೋ ತಡಕಿದ್ದನ್ನೂ ನಾನು ಕಂಡೆ. ಲೆಕ್ಕ ಮಾಡುತ್ತಿದ್ದಾಳೆ ಎಂದುಕೊಂಡೆ. ಮುಂದಿನ ವಾರ ಗುಲಾಬಿ ಅಕ್ಕ ಸೆರಗು ಸಿಕ್ಕಿಸಿಕೊಳ್ಳುತ್ತ, "ಈಗೀಗ ಭಾರೀ ಚೊಕ್ಕ ಚಿಲ್ಲರೆ ಕೊಡೂಕೆ ಶುರು ಮಾಡೀರಿ ಬಾಯೀ" ಎಂದಳು. ಹೊಗಳಿಕೆಯೆಂದು ನಾನು ನಕ್ಕೆ. ಆಯಿ ನಗಲಿಲ್ಲ. ಅದಾದ ಮೇಲೆ ಗುಲಾಬಿ ಅಕ್ಕ ನಮ್ಮ ಗೇಟಿನ ಮುಂದೆ ಕೂಗುವುದನ್ನೇ ಬಿಟ್ಟಳು. ಬುಟ್ಟಿ ಹೊತ್ತು ನೇರ ಮುಂದೆ ಹೋಗುತ್ತಿದ್ದಳು. ಆಯಿ ಪೇಟೆಯಿಂದ ಮೀನು ತರಿಸುತ್ತಿದ್ದಳು, ಅದರಲ್ಲಿ ಕೊರತೆ ಹುಡುಕುತ್ತಿದ್ದಳು, ತಾನು ಮಾತ್ರ ಬರೀ ಸಾರು ಬಡಿಸಿಕೊಂಡು ಉಂಡು ಏಳುತ್ತಿದ್ದಳು.

ಹುಬ್ಬಳ್ಳಿಯಿಂದ ಉತ್ತರ ಬಂತು: ಹನ್ನೆರಡು ನೂರು ಕೊಡುತ್ತೇನೆ, ಕಳಿಸಿ. ನನ್ನ ಗೀಟುಗಳಿಗೆಲ್ಲ ಅದು ಮೊದಲ ಮರ್ಯಾದೆ. ಲಕೋಟೆ ಹಿಡಿದುಕೊಂಡು ಅಡಿಗೆಮನೆಗೆ ಓಡಿದೆ.

ಆಯಿ ಅದನ್ನು ನೋಡಿದವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದಳು. "ಇದು ನಿನ್ನ ಹತ್ರ ಇತ್ತನ?"

"ಡಬ್ಬಿಲಿ ಸಿಕ್ತು. ಬದಲಿಗೆ ಬೇರೆ ಹಾಕೇನೆ ಆಯಿ, ಲೆಕ್ಕ ಸರಿ ಅದೆ."

"ಲೆಕ್ಕ ಸರಿ ಅದೆಯಂತೆ," ಎಂದು ಆಯಿ ಈಳಿಗೆಗೆ ಹೇಳಿದಳು, ನನಗಲ್ಲ.

ಆಮೇಲೆ ತುಂಡು ತುಂಡಾಗಿ ಹೊರಬಂದ ಕಥೆ ಇಷ್ಟು. ಎರಡು ವರ್ಷದ ಹಿಂದೆ ಗುಲಾಬಿಯ ಬಂಗಡೆ ಮೆತ್ತಗಾಗಿತ್ತೆಂದು ಆಯಿ ನೆರೆಮನೆಯಲ್ಲಿ ಹೇಳಿದ್ದಳು. ಮಾತು ಓಣಿ ಸುತ್ತಿ ಗುಲಾಬಿ ಅಕ್ಕನ ಕಿವಿಗೆ ಬಿತ್ತು. ಅವಳು ಬರುವುದು ಬಿಡಲಿಲ್ಲ, ಮಾತು ಬಿಟ್ಟಳು. ಮೀನಿನ ದರ ಬಿಟ್ಟರೆ ಇನ್ನೇನಿಲ್ಲ. ಒಂದು ದಿನ ಸಿಟ್ಟಿನಲ್ಲೇ, ಯಾರೂ ತೆಗೆದುಕೊಳ್ಳದ ಈ ಓರೆ ನಾಣ್ಯವನ್ನು ಚಿಲ್ಲರೆಯ ನಡುವೆ ಸೇರಿಸಿ ಆಯಿಗೆ ದಾಟಿಸಿದಳು. ಆಯಿಗೆ ತಿಳಿದದ್ದು ಅವಳು ಹೋದ ಮೇಲೆ. ಮುಂದಿನ ಸಲ ಆಯಿ ಅದನ್ನು ಹತ್ತರ ನಾಣ್ಯಗಳ ಅಡಿಗೆ ಇಟ್ಟು ವಾಪಸು ದಾಟಿಸಿದಳು. ಒಂದು ವಾರ ಬಿಟ್ಟು ಅದು ಎಲೆಯಲ್ಲಿ ಸುತ್ತಿದ ಸಿಗಡಿಯ ಜೊತೆ ತಿರುಗಿ ಬಂತು. ಯಾರೂ ಒಂದು ಮಾತು ಆಡಲಿಲ್ಲ. ಆದರೆ ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಇಬ್ಬರಿಗೂ ನಗು ತಡೆಯುವುದು ಕಷ್ಟವಾಗಿ, ಒಬ್ಬಳು ಆಕಾಶ ನೋಡಿ, ಇನ್ನೊಬ್ಬಳು ಬುಟ್ಟಿ ನೋಡಿ, ಹಾಗೆಯೇ ಮಾತು ಮತ್ತೆ ಶುರುವಾಗಿತ್ತಂತೆ. ನಾಣ್ಯ ಆಮೇಲೂ ಓಡಾಡುತ್ತಲೇ ಇತ್ತು, ಅದರ ಸುದ್ದಿ ಮಾತ್ರ ಅಂದಿನವರೆಗೂ ಇಬ್ಬರೂ ಎತ್ತಿರಲಿಲ್ಲ.

"ಈ ಸಲ ಕೊಡೂದು ನನ್ನ ಪಾಳಿ ಇತ್ತು," ಎಂದಳು ಆಯಿ. "ನಾ ಕೊಡಲಿಲ್ಲ. ಇನ್ನು ನಿನ್ನ ಸಂಗಡ ಆಟ ಬೇಡ ಅಂದ ಹಂಗೆ ಆಯ್ತಲ್ಲ ಅವಳಿಗೆ."

"ಹೇಳಿಬಿಡೂದಲ್ಲವಾ, ಕಳದೋಗೀದು ಅಂತ?"

"ಏನಂತ ಹೇಳ್ಲಿ? ನಿಂಗೆ ದಾಟಿಸೂಕೆ ಇಟ್ಟ ಖೋಟಾ ನಾಣ್ಯ ಕಳದೋಯ್ತು ಅಂತ ಹೇಳ್ಲಾ?"

ನಾನು ಲಕೋಟೆಯಿಂದ ನಾಣ್ಯ ತೆಗೆದು ಅವಳ ಕೈಗಿಟ್ಟೆ. ಹುಬ್ಬಳ್ಳಿಯವರಿಗೆ ಎರಡು ದಿನ ಸಮಯ ಬೇಕೆಂದು ಬರೆದೆ. ಸುಳ್ಳೇಕೆ, ಆಸೆ ಪೂರ್ತಿ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಆಯಿ ಗೇಟಿಗೇ ಹೋಗಿ ನಿಂತಳು. ಗುಲಾಬಿ ಅಕ್ಕ ದೂರದಿಂದ ಕಂಡು ರಸ್ತೆಯ ಆಚೆ ಬದಿಗೆ ಸರಿದಳು.

"ಗುಲಾಬಿ, ತಾರ್ಲೆ ಹೆಂಗೆ?"

"ಪ್ಯಾಟೀಲಿ ಸೋವಿ ಸಿಕ್ತದಂತಲ್ಲ ಬಾಯೀ, ದಿನಾ ತರಿಸ್ತ್ರಲ್ಲ."

"ಸೋವಿ ಸಿಕ್ತದೆ. ತಿನ್ನೂಕೆ ಆಗೂದಿಲ್ಲ."

ಅಷ್ಟು ಸಾಕಾಯಿತು. ಬುಟ್ಟಿ ಇಳಿಯಿತು. ಆಯಿ ಚಿಲ್ಲರೆ ಕೊಟ್ಟಳು. ಗುಲಾಬಿ ಅಕ್ಕ ಅಂಗೈ ಹರಡಿದವಳು ಒಂದು ಕಡೆ ಹೆಬ್ಬೆರಳು ನಿಲ್ಲಿಸಿದಳು. "ಎಲ್ಲಿಗೆ ಹೋಗಿತ್ತು ಇದು?" ಎಂದು ಕೇಳಿದಳು. ಆಯಿ ನನ್ನ ಕಡೆ ಗದ್ದ ತೋರಿಸಿ, "ಹುಬ್ಬಳ್ಳಿಗೆ ಹೊಂಟಿತ್ತು" ಎಂದಳು.

ನನಗೆ ಸುಮ್ಮನಿರುವುದು ನ್ಯಾಯವೆನಿಸಲಿಲ್ಲ. ಬೆಲೆ ತಿಳಿಯದವರ ಕೈಗೆ ವಸ್ತು ದಾಟಿಸಬಾರದು. "ಅಕ್ಕಾ, ಅದನ್ನು ಮಾರಿದರೆ ಹನ್ನೆರಡು ನೂರು ಬರ್ತದೆ. ನಿಮ್ಮದೇ ನಾಣ್ಯ, ಬೇಕಾದರೆ ನಾನೇ ಕಳಿಸಿಕೊಡ್ತೇನೆ."

ಇಬ್ಬರೂ ನಾಣ್ಯ ನೋಡಿದರು. ಆಯಿಯ ಮುಖ ಸಣ್ಣದಾಯಿತು. ಗುಲಾಬಿ ಅಕ್ಕ, "ಎರಡು ರೂಪಾಯಿಗೆ ಹನ್ನೆರಡು ನೂರು ಕೊಡೂ ಮನಶಾ ತಾರ್ಲೆ ತಿಂತಾನನ ಕೇಳು, ಬುಟ್ಟಿ ಸಮೇತ ಹೋಗ್ತೆ" ಎಂದು, ನಾಣ್ಯವನ್ನು ಸೊಂಟದ ಚೀಲಕ್ಕೆ ಸೇರಿಸಿ, ಬುಟ್ಟಿ ಹೊತ್ತು ಹೋದಳು. ಮಾರುತ್ತಾಳೋ ಇಲ್ಲವೋ ಹೇಳಲಿಲ್ಲ. ಆಯಿ ಒಳಗೆ ಬಂದು, "ನಿಂಗೆ ಬಾಯಿ ಮುಚ್ಕಂಡು ನಿಲ್ಲೂಕೆ ಆಗೂದಿಲ್ಲವಾ?" ಎಂದಳು. ಬೆಲೆ ಹೇಳಿದ ಮೇಲೆ ಅದು ಮೊದಲಿನ ನಾಣ್ಯವಲ್ಲ ಎಂಬುದು ಅವಳಿಗೆ ನನಗಿಂತ ಮೊದಲೇ ಹೊಳೆದಿತ್ತು. ಇಷ್ಟು ದಿನ ಅದು ಇಬ್ಬರಿಗೂ ಬೇಡವಾದ ವಸ್ತುವಾಗಿತ್ತು, ಅದಕ್ಕೇ ಅಷ್ಟು ಸಲೀಸಾಗಿ ಓಡಾಡುತ್ತಿತ್ತು. ಈಗ ಇಟ್ಟುಕೊಳ್ಳಬೇಕು ಎನಿಸುವಂಥದಾಗಿತ್ತು. ಇಟ್ಟುಕೊಂಡರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಹನ್ನೆರಡು ನೂರು ಎಂದರೆ ಗುಲಾಬಿ ಅಕ್ಕನಿಗೆ ಎಷ್ಟು ದಿನದ ನಡಿಗೆಯೋ.

ಮುಂದಿನ ಸಲ ಬಂದಾಗ ಅವಳು ತಿರುಗಿ ಕೊಟ್ಟ ಚಿಲ್ಲರೆಯನ್ನು ಆಯಿ ಒಂದೊಂದಾಗಿ ನೋಡಿದಳು. ಓರೆ ನಾಣ್ಯ ಇರಲಿಲ್ಲ. ಗುಲಾಬಿ ಅಕ್ಕ ಮಳೆಯ ಮಾತು, ಬಲೆಯ ಮಾತು ಎಲ್ಲ ಆಡಿ, ಇದರ ಮಾತು ಆಡದೆ ಹೋದಳು. ಆಯಿ ಆಗ ಕೊಂಡ ಬಂಗಡೆ ಹೆಚ್ಚಲು ಹಿತ್ತಲ ಕಟ್ಟೆಯಲ್ಲಿ ಕೂತಳು. ನಾನು ಆಫೀಸಿಗೆ ಹೊರಡುತ್ತಿದ್ದೆ.

ಹಿತ್ತಲಿನಿಂದ ಆಯಿ ಒಬ್ಬಳೇ ನಗುವುದು ಕೇಳಿತು. ಹೋಗಿ ನೋಡಿದರೆ, ದೊಡ್ಡ ಬಂಗಡೆಯೊಂದರ ಕಿವಿರಿನೊಳಗಿಂದ ಎರಡು ರೂಪಾಯಿಯನ್ನು ಎರಡು ಬೆರಳಲ್ಲಿ ಎಳೆಯುತ್ತಿದ್ದಳು. ಕಣ್ಣಲ್ಲಿ ನೀರು, ಕೈಯೆಲ್ಲ ರಕ್ತ. ಅದನ್ನು ತೊಳೆದು, ಹುಣಸೆಹುಳಿ ಬೂದಿ ಹಚ್ಚಿ ಕಲ್ಲಿನ ಮೇಲೆ ಉಜ್ಜತೊಡಗಿದಳು. ಉಜ್ಜಿದ ನಾಣ್ಯವನ್ನು ಯಾವ ಸಂಗ್ರಹಕಾರನೂ ಮೂಸಿ ನೋಡುವುದಿಲ್ಲ. ಗೀಚು ಬಿದ್ದರೆ ಹನ್ನೆರಡು ನೂರು ಎರಡಕ್ಕೆ ಇಳಿಯುತ್ತದೆ. ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ.

"ಈ ಸಲ ಎಲ್ಲಿಡೂದು ಹೇಳು," ಎಂದಳು ಆಯಿ, ನಾಣ್ಯವನ್ನು ಬಿಸಿಲಿಗೆ ಹಿಡಿದು. "ಅವಳು ಹುಡುಕಿ ಹುಡುಕಿ ಸುಸ್ತಾಗಬೇಕು."

ಅಂಕೋಲೆಯ ಬಸ್ಸಿನಲ್ಲಿ ಕೂತಾಗ ಹುಬ್ಬಳ್ಳಿಯಿಂದ ಮತ್ತೆ ಮೆಸೇಜು ಬಂದಿತ್ತು: ಇನ್ನೂ ಇನ್ನೂರು ಸೇರಿಸುತ್ತೇನೆ, ನಾಣ್ಯ ಇದೆಯೇ? ಸ್ವಲ್ಪ ಯೋಚಿಸಿ ಬರೆದೆ: ಕ್ಷಮಿಸಿ, ಅದು ಇನ್ನೂ ಚಲಾವಣೆಯಲ್ಲಿದೆ.