ಮೂಲಜನ: ಯಾರೂ ಇಲ್ಲ

ಒಂದು ವಾರವಿಡೀ ನಾನು ಕೊಲೆಯ ಹಾಡು ಹಾಡಿದೆ. ತಾಳ ಹಾಕಿ ಹಾಡಿದೆ. ಅದು ಕೊಲೆಯ ಹಾಡು ಎಂಬುದು ಮಾತ್ರ ಗೊತ್ತಿರಲಿಲ್ಲ.

ಮೊಮ್ಮಕ್ಕಳೇ (ನನ್ನ ಮನೆಯವರೂ, ವಾರವಾರ ಪತ್ರಿಕೆಯ ಈ ಮೂಲೆಯನ್ನು ಓದುವ ನೀವೂ), ಹೋದ ವಾರದಂತೆ ಹಪ್ಪಳ, ಸಂಡಿಗೆ ಎಂದು ಬರೆದು ಸುಮ್ಮನಾಗಲು ಈ ಸಲ ಮನಸ್ಸು ಒಪ್ಪಲಿಲ್ಲ.

ನಮ್ಮ ಪದ್ಮಾ ಬೆಳಗಾವಿಯ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಆರನೆಯ ಇಯತ್ತೆ. (ಪದ್ಮಾ ಎಂಬುದು ಅವಳ ಖರೇ ಹೆಸರಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.) ವರ್ಷದ ಪರೀಕ್ಷೆಗೆ ಬಿಳಿಯ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ನನ್ನ ಮಗ, ಅಂದರೆ ಅವಳ ಅಪ್ಪ, ಮೊದಲೇ ಹೇಳಿಬಿಟ್ಟಿದ್ದ: "ಪಾಸಾದ್ರ ಏಳನೇ ಇಯತ್ತೆ. ನಪಾಸಾದ್ರ ಸಾಲಿ ಸಾಕು, ಲಗ್ನ."

ಹನ್ನೆರಡು ವರ್ಷದ ಹುಡುಗಿ! ನನ್ನ ಲಗ್ನವಾದದ್ದು ಒಂಬತ್ತಕ್ಕೆ. ಮೂರನೆಯ ಇಯತ್ತೆಗೇ ನನ್ನ ಪಾಟಿ ಅಟ್ಟ ಸೇರಿತ್ತು. ಇವಳದು ಸೇರಬಾರದೆಂದು ನಾನೇ ಬಾಯಿಪಾಠ ಮಾಡಿಸಲು ಕುಳಿತೆ. ಹಳ್ಳಿಯ ಸಾಲೆಯಲ್ಲಿ ನಾನು ಕಲಿತ ವಿದ್ಯೆ ಅದೊಂದೇ.

ನಾನು ಅಕ್ಕಿ ಆರಿಸುತ್ತ ಮೊರದ ಅಂಚಿಗೆ ಬಡಿದು ತಾಳ ಹಾಕುತ್ತಿದ್ದೆ. ಅವಳು ಭೂಗೋಳ ಒಪ್ಪಿಸುತ್ತಿದ್ದಳು. "ಟಾಸ್ಮೇನಿಯಾ. ಮಳೆ ಸಾಕಷ್ಟು. ಬೆಳೆ ಸೇಬು. ಗಣಿ ತವರ. ಮೂಲಜನ ಯಾರೂ ಇಲ್ಲ." ತಾಳಕ್ಕೆ ಎಷ್ಟು ಚೆಂದ ಕೂತಿತ್ತೆಂದರೆ ನಾನೂ ದನಿಗೂಡಿಸಿದೆ. ನಾವು ಜೈನರು. ಅಕ್ಕಿಯ ನುಸಿಯನ್ನೂ ಸಾಯಿಸುವುದಿಲ್ಲ. ಒಂದೊಂದನ್ನೇ ಎಲೆಯ ಮೇಲೆ ಎತ್ತಿ ಹಿತ್ತಲ ನೆರಳಿಗೆ ಬಿಡುತ್ತೇವೆ. ಹಾಗೆ ನುಸಿ ಬಿಡುತ್ತಲೇ ಹಾಡುತ್ತಿದ್ದೆ: ಮೂಲಜನ ಯಾರೂ ಇಲ್ಲ.

ತಡೆದವಳು ಪಕ್ಕದ ಮನೆಯ ಗಂಗವ್ವ. ಶಹಾಪುರದ ನಮ್ಮ ಓಣಿಯೆಲ್ಲ ನೇಕಾರರದು. ಮಗ್ಗ ಬಿಟ್ಟು ಎದ್ದು ಗೋಡೆಯ ಮೇಲಿಂದ ಇಣುಕಿದಳು.

"ಅಕ್ಕಾರ, ಎಂಟ ದಿನಾತು ಕೇಳಾಕತ್ತೇನಿ. ಮಳಿ ಐತಿ, ಬೆಳಿ ಐತಿ. ಮಂದಿ ಎಲ್ಲಿ ಹೋದ್ರು? ಪ್ಲೇಗ್ ಬಂದಿತ್ತೇನು?"

"ಪ್ಲೇಗ್ ಬಂದ್ರ ಎಲ್ಲಾರೂ ಸಾಯ್ತಾರೇನು? ನಾವೂ ಊರ ಬಿಟ್ಟು ಗುಡಸಲದಾಗ ಇದ್ದು ಹೊಳ್ಳಿ ಬರಲಿಲ್ಲೇನು?" ಎಂದೆ.

"ಮತ್ತ ಅವರ‍್ಯಾಕ ಹೊಳ್ಳಿ ಬರಲಿಲ್ಲ?"

ನಾನು ಪದ್ಮಾಳ ಮುಖ ನೋಡಿದೆ. "ಆಯಿ, ಅದು ಪರೀಕ್ಷಾಕ್ಕ ಇಲ್ಲ," ಎಂದಳು. ಆದರೂ ಮರುದಿನ ಕ್ಲಾಸಿನಲ್ಲಿ ಎದ್ದು ನಿಂತು ಮಾಸ್ತರರನ್ನು ಕೇಳಿಯೇ ಬಿಟ್ಟಳಂತೆ.

ಸಂಜೆ ಮಾಸ್ತರರು ಮನೆಗೇ ಬಂದರು. ಮಗ ಅಂಗಡಿಯಲ್ಲಿದ್ದ. ನಾನು ಎಂದಿನಂತೆ ಬಾಗಿಲ ಮರೆಗೆ ನಿಂತೆ.

"ಹುಡುಗಿ ಭಾಳ ಶಾಣ್ಯಾ ಅದಾಳ್ರಿ, ತಾಯಿ," ಎಂದರು. "ಅದ ನನ್ನ ಅಂಜಿಕಿ. ಸಾಹೇಬರ ಮುಂದ ಹಿಂಗ ಕೇಳಿದ್ರ ಆಕಿ ನಪಾಸು, ನಾ ಮನಿಗೆ."

ಹಾಗಾದರೆ ಉತ್ತರ ಇದೆ ಎಂದಾಯಿತಲ್ಲ? ಪರಗಂಡಸರ ಜೊತೆ ಮಾತಾಡುವವಳಲ್ಲ ನಾನು. ಆ ದಿನ ಮಾತು ತಾನಾಗಿ ಹೊರಗೆ ಬಂತು. "ಏನಾತ್ರಿ ಆ ಮಂದಿಗೆ?"

ಮಾಸ್ತರರು ದನಿ ತಗ್ಗಿಸಿದರು. ಯಾವುದೋ ಇಂಗ್ರಜಿ ಪುಸ್ತಕದಲ್ಲಿ ಓದಿದ್ದರಂತೆ. ಕುರಿ ಮೇಯಿಸಲು ನೆಲ ಬೇಕೆಂದು ಬಿಳಿಯರು ಬಂದರು. ಆ ನೆಲದವರನ್ನು ಕಂಡಕಂಡಲ್ಲಿ ಗುಂಡಿಟ್ಟು ಕೊಂದರು. ಒಮ್ಮೆಯಂತೂ ಸಾವಿರಾರು ಜನ ಸಾಲಾಗಿ ನಿಂತು, ಕಾಡು ಜಾಲಾಡುತ್ತ ಅವರನ್ನು ಅಟ್ಟಲು ಹೊರಟರು. ಅಳಿದುಳಿದವರನ್ನು ಬೇರೊಂದು ಸಣ್ಣ ನಡುಗಡ್ಡೆಗೆ ಒಯ್ದು ಇಟ್ಟರು. ಅಲ್ಲಿ ರೋಗ ಬಂತು.

"ಒಬ್ಬರೂ ಉಳೀಲಿಲ್ಲೇನ್ರಿ?"

"ಉಳೀಲಿಲ್ಲ ಅಂತ ಪುಸ್ತಕದಾಗ ಅದರಿ. ಆ ಪುಸ್ತಕ ಬರದವರು ಯಾರು, ಹೇಳ್ರಿ?"

ನನ್ನ ತವರು ಖಾನಾಪುರದ ಕಡೆ, ದೇಸೂರ ದಾಟಿ ಕಾಡಿನ ಅಂಚಿಗೆ. ಸಾಹೇಬರ ಶಿಕಾರಿಗೆ ಊರ ಗಂಡಸರನ್ನೆಲ್ಲ ಕರೆದೊಯ್ಯುತ್ತಿದ್ದರು. ಸಾಲಾಗಿ ನಿಂತು ಡಬ್ಬಿ ಬಡಿಯುತ್ತ ಪ್ರಾಣಿಗಳನ್ನು ಬಂದೂಕಿನ ಕಡೆ ಅಟ್ಟುವುದು ಅವರ ಕೆಲಸ. ಚಿಕ್ಕವಳಿದ್ದಾಗ ದಿಬ್ಬದ ಮೇಲಿಂದ ಒಮ್ಮೆ ಕಂಡಿದ್ದೇನೆ. ಮರಿ ಹಿಂದೆ ಉಳಿಯಿತೆಂದು ಜಿಂಕೆಯೊಂದು ತಿರುಗಿ ನಿಂತಿತು. ಅಲ್ಲೇ ಗುಂಡು ಬಿತ್ತು.

ಮಂದಿಯನ್ನು ಹಾಗೆ ಅಟ್ಟಿದರೇ? ಕೂಸು ಎತ್ತಿಕೊಂಡವರನ್ನೂ?

ಇಷ್ಟು ಕೇಳಿದ ಮೇಲೆ ನಾನೇನು ಮಾಡಿದೆ ಗೊತ್ತೇ? ಮಾಸ್ತರರು ಹೋದ ಕೂಡಲೇ ಪದ್ಮಾಳನ್ನು ಎದುರಿಗೆ ಕೂಡಿಸಿಕೊಂಡೆ. ಒಳಗಿನಿಂದ ಅವಳೂ ಎಲ್ಲ ಕೇಳಿಸಿಕೊಂಡಿದ್ದಳು.

"ಸಾಹೇಬರು ಕೇಳಿದ್ರ ಯಾರೂ ಇಲ್ಲ ಅನ್ನು. ಮುಂದ ಪಿಟ್ಟ ಅನಬ್ಯಾಡ."

"ಕೊಂದ್ರು ಅಂತ ಗೊತ್ತಿದ್ದೂ?"

"ಗೊತ್ತಿದ್ದೂ. ಏಳನೇ ಇಯತ್ತೆ ಬೇಕೋ ಬ್ಯಾಡೋ?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? (ಅವಸರ ಬೇಡ. ಯೋಚಿಸಿ ಹೇಳಿರಿ.)

ಪರೀಕ್ಷೆ ಮುಗಿಯಿತು. ಪದ್ಮಾ ಪಾಸಾದಳು. ಮಗ ಓಣಿಗೆಲ್ಲ ಪೇಢೆ ಹಂಚಿದ. ಅವಳು ಮಾತ್ರ ಮುಟ್ಟಲಿಲ್ಲ.

"ಸಾಹೇಬರು ಅದನ್ನ ಕೇಳಿದ್ರು, ಆಯಿ. ಯಾರೂ ಇಲ್ರಿ ಅಂದೆ. ಶಾಬಾಸ್ ಅಂದ್ರು. ಮಾಸ್ತರರು ಕಿಡಕಿ ಕಡೆ ಮುಖ ತಿರುವಿ ನಿಂತಿದ್ರು."

ಆಮೇಲೆ ಕೇಳಿದಳು: "ಏಳನೇ ಇಯತ್ತೆದಾಗ ಖರೇ ಹೇಳಿಕೊಡ್ತಾರೇನು?"

ಅವಳಿಗೆ ಆಡಬೇಡ ಎಂದದ್ದನ್ನೇ, ಹೆಸರು ಮರೆಮಾಡಿ, ಇಲ್ಲಿ ನಿಮಗೆ ಬರೆದಿದ್ದೇನೆ. ನನ್ನ ಧೈರ್ಯ ಅಷ್ಟೇ. ಆ ಶಾಬಾಸು ಮಾತ್ರ ಇನ್ನೂ ಕಿವಿಯಲ್ಲಿದೆ.

ಆ ಜನರನ್ನು ಕೊಲ್ಲಲು ಅಷ್ಟೊಂದು ಬಂದೂಕು ಬೇಕಾದವು. ಅವರನ್ನು ಮರೆಸಲು ನನ್ನಂಥ ಅಂಜುಬುರುಕ ಅಜ್ಜಿಯೊಬ್ಬಳೇ ಸಾಕಾದಳಲ್ಲ?