ನಮ್ಮಿಬ್ಬರ ಮಧ್ಯೆ ಇರುತ್ತೆ

ಬೆಳಿಗ್ಗೆ ಎಂಜಿನಿಯರಿಂಗಿನವರಿಗೆ, ಮಧ್ಯಾಹ್ನ ನರ್ಸಿಂಗಿನವರಿಗೆ ನೀತಿಪಾಠ ಹೇಳಿ ಹೇಳಿ ಆ ಮನುಷ್ಯನಿಗೆ ನೀತಿ ಮೇಷ್ಟ್ರು ಎಂಬ ಹೆಸರೇ ಗಟ್ಟಿಯಾಗಿತ್ತು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಅವರು ಯಾರಿಗೂ ಕೇಡು ಬಯಸಿದವರಲ್ಲ. ಯಾರ ಪರವಾಗಿಯೂ ಬಾಯಿ ಬಿಟ್ಟವರೂ ಅಲ್ಲ. ಅವರ ಹೆಮ್ಮೆಯೆಲ್ಲ ನೋಟ್‌ಬುಕ್ಕಿನದು. ವಾರಕ್ಕೊಮ್ಮೆ ಪ್ರತಿ ವಿದ್ಯಾರ್ಥಿಯೂ ತಾನು ಮಾಡಿದ ಒಂದು ತಪ್ಪನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದು ಕೊಡಬೇಕು. "ಮುಚ್ಚುಮರೆ ಬೇಡ. ಬರೆದಿದ್ದು ನಮ್ಮಿಬ್ಬರ ಮಧ್ಯೆ ಇರುತ್ತೆ," ಎಂದು ಎದೆ ಮುಟ್ಟಿಕೊಂಡು ಹೇಳುತ್ತಿದ್ದರು.

ಹುಡುಗರು ಚಾಲಾಕಿಗಳು. ಒಬ್ಬ ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಡಲಿಲ್ಲವೆಂದು ಬರೆದರೆ, ಇನ್ನೊಬ್ಬಳು ತಂಗಿಯ ಮೇಲೆ ರೇಗಿದೆನೆಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದಳು. ಮೇಷ್ಟ್ರ ಮಾತನ್ನು ನಿಜಕ್ಕೂ ನಂಬಿದವಳು ಒಬ್ಬಳೇ, ದರ್ಜಿಯ ಮಗಳು. ನರ್ಸಿಂಗ್ ಮುಗಿಯಲು ಅವಳಿಗೆ ಇನ್ನು ಮೂರೇ ತಿಂಗಳಿತ್ತು.

ಅವಳು ಬರೆದದ್ದು ಹೀಗೆ: ಹತ್ತನೇ ಬೆಡ್ಡಿನ ಅಜ್ಜ ನರಳಿ ನರಳಿ ಆಗಷ್ಟೇ ನಿದ್ದೆ ಹೋಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ನಾಲ್ಕು ಗಂಟೆಯ ಬಿಪಿ ನೋಡದೆ, ಹನ್ನೆರಡು ಗಂಟೆಯದ್ದನ್ನೇ ಚಾರ್ಟಿನಲ್ಲಿ ತುಂಬಿದೆ. ಐದೂವರೆಗೆ ಅಜ್ಜ ಹೋಗಿಬಿಟ್ಟರು.

ಆ ವಾರ್ಡಿನಲ್ಲಿ ಕೆಲಸ ಹೆಚ್ಚಾದ ದಿನ ಎಲ್ಲರೂ ತುಂಬುತ್ತಿದ್ದುದೇ ಹಾಗೆ. "ಹಿಂದಿನದ್ದು ನೋಡಿ ಹಾಕ್ರೇ" ಎಂದು ಹೇಳಿಕೊಟ್ಟವರೇ ಹಿರಿಯ ಸಿಸ್ಟರು. ಇದು ಮೇಷ್ಟ್ರಿಗೂ ಗೊತ್ತಿತ್ತು. "ಪ್ರಾಮಾಣಿಕತೆ ಮೆಚ್ಚತಕ್ಕದ್ದು" ಎಂದು ಕೆಂಪು ಶಾಯಿಯಲ್ಲಿ ಗೀಚಿ ಹತ್ತಕ್ಕೆ ಹತ್ತು ಕೊಟ್ಟರು.

ಅಜ್ಜನ ಮಗ ದೂರು ಕೊಟ್ಟ. ಆಸ್ಪತ್ರೆಗೆ ಒಂದು ತಲೆದಂಡ ಬೇಕಾಯಿತು. "ಮೇಷ್ಟ್ರೇ, ನಿಮ್ಮ ನೋಟ್‌ಬುಕ್ಕಲ್ಲಿ ಏನಾದ್ರೂ ಸಿಗುತ್ತಾ?" ಎಂದು ಪ್ರಿನ್ಸಿಪಾಲರು ಕೇಳಿದ್ದು ಒಂದೇ ಸಲ. ಇನ್ನೊಂದು ಸಲ ಕೇಳುವ ಕಷ್ಟವನ್ನು ಮೇಷ್ಟ್ರು ಅವರಿಗೆ ಕೊಡಲಿಲ್ಲ, ನೋಟ್‌ಬುಕ್ಕುಗಳಿದ್ದ ಬೀರು ತೆಗೆದರು.

ವಿಚಾರಣೆಯ ಕೋಣೆಯಲ್ಲಿ, ಮೇಜಿನ ಮೇಲೆ ತನ್ನ ಅಕ್ಷರವನ್ನೇ ಕಂಡು ಹುಡುಗಿ ಮೇಷ್ಟ್ರ ಕಡೆ ತಿರುಗಿದಳು.

"ಸರ್, ನಮ್ಮಿಬ್ಬರ ಮಧ್ಯೆ ಅಂದಿದ್ರಲ್ಲ?"

"ತಪ್ಪು ಮಾಡಿದ್ಮೇಲೆ ಅನುಭವಿಸ್ಬೇಕಮ್ಮಾ," ಎಂದರು ಮೇಷ್ಟ್ರು. "ಇಷ್ಟು ದಿನ ಹೇಳಿಕೊಟ್ಟಿದ್ದು ಅದನ್ನೇ ಅಲ್ವಾ?"

"ಎಲ್ರೂ ಹಾಗೇ ತುಂಬ್ತಾರೆ ಸರ್. ಸಿಸ್ಟರನ್ನೇ ಕೇಳಿ."

"ಅಯ್ಯೋ, ಎಂಥಾ ಸುಳ್ಳು ಹೇಳ್ತಾಳೆ ನೋಡಿ!" ಸಿಸ್ಟರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು. ಹಾಗೆ ತಿರುಗಿಕೊಂಡ ಮುಖ ಕಂಡರೆ ಯಾರಿಗಾದರೂ ಮೈ ಉರಿಯಬೇಕು, ಅಲ್ಲಿದ್ದವರಿಗೆ ಉರಿಯಲಿಲ್ಲ.

ಹುಡುಗಿಯನ್ನು ಕಾಲೇಜಿನಿಂದ ತೆಗೆದರು. ಕರೆದೊಯ್ಯಲು ಬಂದ ದರ್ಜಿಗೆ ತಲೆಬುಡ ಗೊತ್ತಿರಲಿಲ್ಲ. ಗೇಟಿನ ಬಳಿ ಎದುರಾದ ಮೇಷ್ಟ್ರಿಗೇ ಎರಡೂ ಕೈ ಎತ್ತಿ ಮುಗಿದ.

"ಮನೇಲಿ ಯಾವಾಗ್ಲೂ ನಿಮ್ಮದೇ ಮಾತು ಸರ್. ನಿಮ್ಮಂಥವರು ಹೇಳಿಯೂ ಇವಳಿಗೆ ಬುದ್ಧಿ ಬರ್ಲಿಲ್ಲ ನೋಡಿ."

ಮಗಳು ಟ್ರಂಕು ಹಿಡಿದು ನೆಲ ನೋಡುತ್ತಾ ನಿಂತಿದ್ದಳು.

"ಹೋಗ್ಲಿ ಬಿಡಿ, ಚಿಕ್ಕವಳು," ಎಂದು ಮೇಷ್ಟ್ರು ಅವಳನ್ನು ಕ್ಷಮಿಸಿದರು.